ನಮ್ಮ ಸೀಮೆಯ ಅಪರೂಪದ ಅಡ್ಡಹೆಸರುಗಳು

ನಮ್ಮ ಕಾಲೇಜಿನ ಹಾಜರಿ ಪುಸ್ತಕದಲ್ಲಿ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನೊಡನೆ ಒಂದೋ ಎರಡೋ ಬಿಡಿ ಅಕ್ಷರಗಳಿರುತ್ತವೆ. ಕೆ., ಎಚ್., ಬಿ.ಎಸ್., ಎಂ.ಆರ್. ಎಂಬ ಈ ಅಕ್ಷರಗಳನ್ನು ನಾವು ದಿನವೂ ಕೂಗಿಸಿಕೊಳ್ಳುತ್ತೇವೆ. ಆದರೆ ಅವು ಯಾವ ಶಬ್ದದ ಮೊದಲಕ್ಷರಗಳೆಂದು ಕೇಳಿದರೆ ನಮ್ಮಲ್ಲಿ ಅನೇಕರು ತಡವರಿಸುತ್ತಾರೆ. "ಒಂದು ಅಪ್ಪನದು, ಇನ್ನೊಂದು ಊರಿನದೋ ಏನೋ" ಎಂಬ ಉತ್ತರ ಬರುತ್ತದೆ. ಆ "ಏನೋ" ಎಂಬುದರಲ್ಲಿಯೇ ನಮ್ಮ ಮನೆತನದ ಹೆಸರು ಅಡಗಿದೆ ಎಂಬುದನ್ನು ವಾಚಕ ಮಿತ್ರರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ನಮ್ಮ ಸೀಮೆ ಎಂದು ನಾನು ಹೇಳುವುದು ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳನ್ನು.

ಅಡ್ಡಹೆಸರುಗಳ ವಿಚಾರವನ್ನು ಬಹುಕಾಲದಿಂದ ಕೂಲಂಕಷವಾಗಿ ಪರಿಶೀಲಿಸಿದವರು ಆಂಗ್ಲರು. ಅವರ ಅಡ್ಡಹೆಸರುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಕಸುಬಿನಿಂದ ಬಂದವು, ತಂದೆಯ ಹೆಸರಿನಿಂದ ಬಂದವು, ಆಳಿನ ರೂಪ ಗುಣಗಳಿಂದ ಬಂದವು, ಊರಿನಿಂದ ಬಂದವು. ಕಮ್ಮಾರನೆಂಬ ಅರ್ಥದ ಸ್ಮಿತ್ ಅಲ್ಲಿ ಎಲ್ಲಕ್ಕಿಂತ ಹೆಚ್ಚು ಜನರ ಅಡ್ಡಹೆಸರು. ಊರೂರಿಗೂ ಕಮ್ಮಾರನಿದ್ದುದೇ ಇದಕ್ಕೆ ಕಾರಣ. ಅಪರೂಪದ ಅಡ್ಡಹೆಸರುಗಳು ಬಹುಮಟ್ಟಿಗೆ ನಾಲ್ಕನೆಯ ಬಗೆಗೆ ಸೇರಿದವು. ಒಂದು ಸಣ್ಣ ಊರಿನಿಂದ ಹೊರಟ ಒಂದೆರಡು ಕುಟುಂಬಗಳು ಮಾತ್ರ ಆ ಹೆಸರನ್ನು ಹೊತ್ತಿರುವುದರಿಂದ ಅದು ಹೆಚ್ಚು ಹರಡುವುದಿಲ್ಲ. ಶಫಲ್‌ಬಾಟಮ್ ಎಂಬುದು ಅಂಥ ಒಂದು ಹೆಸರು. ಲ್ಯಾಂಕಷೈರ್ ಪ್ರಾಂತದ ಬ್ಯೂರಿ ಪಟ್ಟಣದ ಸಮೀಪದಲ್ಲಿದ್ದ ಶಿಪ್ಪರ್‌ಬಾಟಮ್ ಎಂಬ ಸಣ್ಣ ಸ್ಥಳದಿಂದ ಅದು ಹುಟ್ಟಿತು. 'ಬಾಟಮ್' ಎಂದರೆ ಅಲ್ಲಿಯ ಹಳೆಯ ಮಾತಿನಲ್ಲಿ ಕಣಿವೆಯ ತಗ್ಗು. ಕೇಳಿದವರು ನಗುತ್ತಾರೆಂದು ಆ ಮನೆತನದ ಕೆಲವರು ಕಾಗುಣಿತವನ್ನೇ ಬದಲಿಸಿಕೊಂಡರು. ಆದರೂ ಮೂಲದ ಸ್ಥಳದ ನೆನಪನ್ನು ಉಳಿಸಿಕೊಂಡು ಬಂದಿರುವುದು ಆ ಹೆಸರೇ.

ಹೀಗೆ ಮೂಲವನ್ನು ಹುಡುಕುವುದು ಅವರಿಗೆ ಸಾಧ್ಯವಾದುದಕ್ಕೆ ಕಾರಣವುಂಟು. ಇಂಗ್ಲೆಂಡಿನ ಚರ್ಚುಗಳಲ್ಲಿ ನಾಮಕರಣ, ಮದುವೆ, ಮರಣಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂಬ ಆಜ್ಞೆ ೧೫೩೮ರಲ್ಲಿಯೇ ಹೊರಟಿತು. ಮೇಲಾಗಿ ೧೮೮೧ರ ಜನಗಣತಿಯ ಹೆಸರುಗಳೆಲ್ಲ ಈಗ ಸಂಶೋಧಕರ ಕೈಗೆ ದೊರೆಯುವುದರಿಂದ ಯಾವ ಹೆಸರಿನವರು ಯಾವ ಪ್ರಾಂತದಲ್ಲಿ ಎಷ್ಟು ಮಂದಿ ಇದ್ದರೆಂದು ಎಣಿಸಬಹುದಾಗಿದೆ. ನಮ್ಮಲ್ಲಿ ಅಂಥ ಅನುಕೂಲವಿಲ್ಲ. ಜನಗಣತಿಯವರು ಮನೆಮನೆಗೆ ಬಂದು ಹೆಸರು ಬರೆದುಕೊಳ್ಳುತ್ತಾರೆ, ನಿಜ. ಆದರೆ ೧೯೪೮ರ ಜನಗಣತಿ ಕಾಯಿದೆಯಂತೆ ಆ ವಿವರಗಳು ಗೋಪ್ಯವಾಗಿರುತ್ತವೆ. ಅಚ್ಚಾಗಿ ಹೊರಬರುವುದು ಒಟ್ಟು ಲೆಕ್ಕಗಳು ಮಾತ್ರ. ಆದ್ದರಿಂದ ನಮ್ಮ ಹೆಸರುಗಳ ಮೂಲವನ್ನು ಶಬ್ದದಿಂದಲೂ, ಊರಿನಿಂದಲೂ, ಹಿರಿಯರ ಬಾಯಿಂದಲೂ ಹುಡುಕಬೇಕಾಗಿದೆ.

ಮೊದಲು ಎಲ್ಲರಿಗೂ ಪರಿಚಿತವಾದ ಹೆಸರುಗಳನ್ನು ನೋಡೋಣ. ಗೌಡ, ಹೆಗಡೆ, ನಾಯಕ, ಶಾನುಭೋಗ ಇವು ನಮ್ಮ ಸೀಮೆಯಲ್ಲಿ ಧಾರಾಳವಾಗಿ ಕೇಳಿಬರುವ ಹೆಸರುಗಳು. ಇವೆಲ್ಲವೂ ಮೂಲತಃ ಅಧಿಕಾರವನ್ನು ಸೂಚಿಸುವ ಶಬ್ದಗಳು. ಶಾಸನಗಳಲ್ಲಿ ಬರುವ 'ಗಾವುಂಡ' ಊರಿನ ಮುಖ್ಯಸ್ಥ, ಅದೇ ಗೌಡನಾಯಿತು. 'ಪೆರ್ಗಡೆ' ಹೆಗ್ಗಡೆಯಾಗಿ ಹೆಗಡೆಯಾಯಿತು. ಲೆಕ್ಕ ಬರೆಯುವ 'ಸೇನಬೋವ' ಶಾನುಭೋಗನಾದ. ನಾಯಕ ಎಂಬುದಂತೂ ೧೪೯೯ರಿಂದ ೧೭೬೩ರವರೆಗೆ ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಈ ನಾಡನ್ನು ಆಳಿದ ಅರಸರ ಬಿರುದೇ ಆಗಿತ್ತು. ಊರಿಗೊಬ್ಬ ಗೌಡ, ಊರಿಗೊಬ್ಬ ಶಾನುಭೋಗ ಇದ್ದುದರಿಂದ, ಸ್ಮಿತ್ ಎಂಬ ಹೆಸರಿನಂತೆ ಇವೂ ಎಲ್ಲ ಕಡೆ ಹರಡಿದವು. ೧೯೬೧ರ ಕಾಯಿದೆಯಿಂದ ಪಟೇಲ ಶಾನುಭೋಗರ ವಂಶಪಾರಂಪರ್ಯದ ಹುದ್ದೆಗಳು ರದ್ದಾದವು. ಹುದ್ದೆ ಹೋದರೂ ಹೆಸರು ಮಾತ್ರ ಮಕ್ಕಳು ಮೊಮ್ಮಕ್ಕಳಿಗೆ ನಡೆದು ಬಂದಿದೆ.

ಈ ಬಗೆಯ ಹೆಸರುಗಳಲ್ಲಿ ಅಪರೂಪವಾದುದು 'ಜೋಯಿಸ'. ಸಂಸ್ಕೃತದ ಜ್ಯೋತಿಷಿ ಎಂಬ ಶಬ್ದ ಕನ್ನಡದ ನಾಲಿಗೆಯಲ್ಲಿ ಸವೆದು ಜೋಯಿಸ ಎಂದಾಯಿತು. ಯುಗಾದಿಯಂದು ಪಂಚಾಂಗ ಓದುವುದು, ಮದುವೆ ಮುಂಜಿಗಳಿಗೆ ಮುಹೂರ್ತ ಇಟ್ಟುಕೊಡುವುದು, ಬಿತ್ತನೆಗೆ ದಿನ ಹೇಳುವುದು ಊರ ಜೋಯಿಸರ ಕೆಲಸ. ಊರಿನ ಆಯಗಾರರಲ್ಲಿ ಅವರೂ ಒಬ್ಬರು; ಕಣದಲ್ಲಿ ಅವರಿಗೊಂದು ಪಾಲು ಸಲ್ಲುತ್ತಿತ್ತು. ಇದೇ ಮೂಲದಿಂದ ಬಂದ ಇನ್ನೊಂದು ರೂಪ ಜೋಶಿ. ಮಹಾರಾಷ್ಟ್ರ, ಗುಜರಾತ್, ಉತ್ತರಾಖಂಡಗಳಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಜೋಶಿ ಎಂಬ ಹೆಸರಿನವರು ಬಹು ಮಂದಿ. ಗದುಗಿನ ಭೀಮಸೇನ ಜೋಶಿಯವರ ಹೆಸರನ್ನು ಕೇಳದವರಾರು? ಆದರೆ ಜೋಯಿಸ ಎಂಬ ರೂಪವಾದರೋ ಮಲೆನಾಡು, ಕರಾವಳಿ, ಹಳೆಯ ಮೈಸೂರಿನ ಕೆಲವು ಮನೆತನಗಳಲ್ಲಿ ಮಾತ್ರ ಉಳಿದಿದೆ. ಒಂದೇ ಕೆಲಸ, ಒಂದೇ ಮೂಲಶಬ್ದ. ಒಂದು ರೂಪ ದೇಶಕ್ಕೆಲ್ಲ ಹರಡಿತು, ಇನ್ನೊಂದು ಇಲ್ಲಿಯೇ ಉಳಿಯಿತು.

ಹೀಗೆ ಅಪರೂಪವಾದ ಹೆಸರನ್ನೂ ಒಬ್ಬಿಬ್ಬರು ಲೋಕಕ್ಕೆ ಪರಿಚಯಿಸಬಲ್ಲರು. ಹಾಸನದ ಸಮೀಪದ ಕೌಶಿಕದಲ್ಲಿ ೧೯೧೫ರಲ್ಲಿ ಹುಟ್ಟಿ ಮೈಸೂರಿನಲ್ಲಿ ಯೋಗ ಕಲಿಸಿದ ಪಟ್ಟಾಭಿ ಜೋಯಿಸರ ದೆಸೆಯಿಂದ ಈ ಹೆಸರು ಅಮೆರಿಕ ಯೂರೋಪುಗಳ ಯೋಗಶಾಲೆಗಳಲ್ಲಿಯೂ ಬಳಕೆಗೆ ಬಂದಿದೆ. ಇಂಗ್ಲಿಷಿನಲ್ಲಿ ಬರೆದಾಗ ಇದು ಅಲ್ಲಿಯವರ ಜಾಯ್ಸ್ ಎಂಬ ಹೆಸರಿನಂತೆಯೇ ಕಿವಿಗೆ ಬೀಳುತ್ತದೆ. ಆದರೆ ಇವೆರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆ ಜಾಯ್ಸ್ ಫ್ರಾನ್ಸಿನ ಬ್ರಿಟನಿ ಸೀಮೆಯ ಒಬ್ಬ ಸಂತನ ಹೆಸರಿನಿಂದ ಬಂದುದು. ಈ ಜೋಯಿಸ ಪಂಚಾಂಗದಿಂದ ಬಂದುದು. ಉಚ್ಚಾರಣೆಯ ಸಾಮ್ಯದಿಂದ ಮೂಲವನ್ನು ಊಹಿಸುವುದು ಎಷ್ಟು ಅಪಾಯಕರ ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ಕಡೆಯವರೇ ಆದ ಇನ್ನೊಬ್ಬ ಜೋಯಿಸರ ಹೆಸರನ್ನು ಇಲ್ಲಿ ಬಿಡಿಸಿ ನೋಡಬೇಕು. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರೂ ಮುಂದೆ ಜಾರ್ಖಂಡ್, ಬಿಹಾರಗಳ ರಾಜ್ಯಪಾಲರೂ ಆಗಿ ೨೦೨೧ರಲ್ಲಿ ತೀರಿಕೊಂಡವರು ಎಂ. ರಾಮಾ ಜೋಯಿಸ್. ಈ 'ಎಂ.' ಎಂದರೆ ಮಂಡಗದ್ದೆ, ತುಂಗೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿಗಳು ಬಂದು ಗೂಡು ಕಟ್ಟುವ ತೀರ್ಥಹಳ್ಳಿ ತಾಲ್ಲೂಕಿನ ಮಂಡಗದ್ದೆ. ಹೆಸರಿನ ಕೊನೆಯಲ್ಲಿರುವುದು ಪೂರ್ವಿಕರ ವೃತ್ತಿ, ಮೊದಲಲ್ಲಿರುವುದು ಪೂರ್ವಿಕರ ಊರು. ವೃತ್ತಿಯ ಹೆಸರನ್ನು ಪೂರ್ತಿಯಾಗಿ ಬರೆಯುತ್ತೇವೆ. ಊರಿನ ಹೆಸರನ್ನು ಒಂದಕ್ಷರಕ್ಕೆ ಇಳಿಸಿಬಿಡುತ್ತೇವೆ. ನಮ್ಮ ನಿಜವಾದ ಅಪರೂಪದ ಅಡ್ಡಹೆಸರುಗಳು ಕಣ್ಣಿಗೆ ಬೀಳದಿರುವುದಕ್ಕೆ ಈ ಪದ್ಧತಿಯೇ ಕಾರಣ.

ಒಂದಕ್ಷರದೊಳಗಿನ ಊರಿಗೆ ಎಲ್ಲರಿಗಿಂತ ದೊಡ್ಡ ಉದಾಹರಣೆ ನಮ್ಮ ರಾಷ್ಟ್ರಕವಿಗಳದು. ಕುವೆಂಪು ಎಂಬ ಮೂರಕ್ಷರಗಳಲ್ಲಿ 'ಪು' ಪುಟ್ಟಪ್ಪ, 'ವೆಂ' ತಂದೆ ವೆಂಕಟಪ್ಪ, 'ಕು' ಕುಪ್ಪಳಿ. ಲೋಕವೆಲ್ಲ ಕರೆಯುವ ಹೆಸರಿನ ಮೊದಲಕ್ಷರವೇ ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರು. ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಹಿಂದಿದ್ದ ಕೆ.ಪಿ. ಎಂಬುದೂ ಕುಪ್ಪಳಿ ಪುಟ್ಟಪ್ಪ ಎಂದೇ. ಅಂದರೆ ತಂದೆಯ ಅಕ್ಷರ ತಲೆಮಾರಿಗೊಮ್ಮೆ ಬದಲಾಯಿತು. ಊರಿನ ಅಕ್ಷರ ಬದಲಾಗಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಬದಲಾಗದೆ ಬರುವುದೇ ಅಡ್ಡಹೆಸರಿನ ಲಕ್ಷಣವಾದರೆ ಕುಪ್ಪಳಿ ಎಂಬುದು ಅಡ್ಡಹೆಸರಲ್ಲದೆ ಮತ್ತೇನು?

ಇನ್ನೂ ಕೆಲವರನ್ನು ನೋಡಬಹುದು. ೧೯೫೬ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದ ಕಡಿದಾಳ್ ಮಂಜಪ್ಪನವರ ಕಡಿದಾಳು, ೧೯೫೨ರ ಚುನಾವಣೆಯಲ್ಲಿ ಸಾಗರ ಹೊಸನಗರ ಕ್ಷೇತ್ರದಿಂದ ಗೆದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಶಾಂತವೇರಿ ಇವೆರಡೂ ಊರುಗಳೇ. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿ ಬೆಳೆಸಿ ೧೯೯೧ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣನವರ 'ಕೆ.' ಎಂದರೆ ಕುಂಟಗೋಡು. ಯು.ಆರ್. ಅನಂತಮೂರ್ತಿಯವರು ಹುಟ್ಟಿದ್ದು ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಆದರೂ ಅವರ 'ಯು.' ಎಂಬುದು ಉಡುಪಿ. ಆದ್ದರಿಂದ ಈ ಅಕ್ಷರ ನಾವು ಹುಟ್ಟಿದ ಊರನ್ನೇ ಹೇಳಬೇಕೆಂದಿಲ್ಲ. ಮನೆತನ ಎಲ್ಲಿಂದ ಘಟ್ಟ ಹತ್ತಿ ಬಂತು, ಯಾವ ಊರನ್ನು ಬಿಟ್ಟು ಬಂತು ಎಂಬುದನ್ನು ಹೇಳುವುದೂ ಉಂಟು. ಆ ಊರಿನ ಹೆಸರೂ ಸುಮ್ಮನೆ ಬಂದುದಲ್ಲ. ಗದ್ದೆ, ಮಕ್ಕಿ, ಬೈಲು, ಕೊಪ್ಪ, ಕೊಡಿಗೆ, ಮನೆ ಎಂದು ಕೊನೆಗೊಳ್ಳುವ ನಮ್ಮ ಊರುಗಳ ಹೆಸರುಗಳಲ್ಲಿ ನೆಲದ ಏರುತಗ್ಗು, ನೀರಿನ ಅನುಕೂಲ, ಹಿಂದೆ ಯಾರೋ ಕೊಟ್ಟ ಉಂಬಳಿ ಎಲ್ಲವೂ ಅಡಗಿವೆ.

ಊರಿನ ಹೆಸರು ಯಾವಾಗಲೂ ಅಪರೂಪವಾಗಿಯೇ ಇರುತ್ತದೆಂದು ಹೇಳುವಂತಿಲ್ಲ. ಸಾಗರದವರೇ ಆಗಿ, ೨೦೧೪ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದು, ೨೦೨೫ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜರ ಹೆಸರನ್ನು ತೆಗೆದುಕೊಳ್ಳಿ. ಡಿಸೋಜ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ 'ಸೌಜದವನು' ಎಂದರ್ಥ. ಸೌಜ ಎಂಬುದು ಪೋರ್ಚುಗಲ್ಲಿನ ಉತ್ತರದಲ್ಲಿ ಹರಿಯುವ ಒಂದು ಹೊಳೆ. ಆ ಹೊಳೆಯ ದಂಡೆಯ ಮನೆತನದ ಹೆಸರು ಗೋವೆಯಲ್ಲಿ ಹೊಸದಾಗಿ ಕ್ರೈಸ್ತರಾದವರಿಗೆ ದೀಕ್ಷೆಯ ಕಾಲದಲ್ಲಿ ದೊರೆತು, ಅಲ್ಲಿಂದ ಮಂಗಳೂರಿಗೂ ಘಟ್ಟದ ಮೇಲಕ್ಕೂ ಬಂದಿತು. ಆ ಹೊಳೆಯನ್ನು ಎಂದೂ ಕಾಣದ ಸಾವಿರಾರು ಜನ ಇಂದು ಆ ಹೆಸರಿನವರಾಗಿದ್ದಾರೆ. ಒಂದು ಹೆಸರು ಅಪರೂಪವಾಗುವುದು ಬಿಡುವುದು ಆ ಹೆಸರನ್ನು ಯಾರು ಯಾರಿಗೆ ಕೊಟ್ಟರು ಎಂಬುದನ್ನೂ ಅವಲಂಬಿಸಿದೆ.

ಯಾರ ಹೆಸರು ದಾಖಲೆಗೆ ಏರಿತು ಎಂಬ ಪ್ರಶ್ನೆಯೂ ಇದೆ. ಗೇಣಿ ಮಾಡುತ್ತಿದ್ದವರ ಹೆಸರು ಹಿಂದೆ ಜಮೀನಿನ ಒಡೆತನದ ಕಾಲಮ್ಮಿನಲ್ಲಿ ಇರುತ್ತಿರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ೧೯೫೧ರಲ್ಲಿ ಗೇಣಿ ಅಳೆಯುವ ಕೊಳಗದ ಅಳತೆಯ ವಿಷಯವಾಗಿ ಎದ್ದ ರೈತರ ಹೋರಾಟಕ್ಕೆ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಅಲ್ಲಿಯವರೆಗೆ ನೆರೆಹೊರೆಗೆ ಮಾತ್ರ ಗೊತ್ತಿದ್ದ ಆ ಹಳ್ಳಿಯ ಹೆಸರು ದೇಶಕ್ಕೆ ತಿಳಿಯಿತು. ಮುಂದೆ ವಿಧಾನಸಭೆಯ ಅಧ್ಯಕ್ಷರಾದ ತಿಮ್ಮಪ್ಪನವರನ್ನು ರಾಜ್ಯವೆಲ್ಲ ಕರೆದುದು ಕಾಗೋಡು ತಿಮ್ಮಪ್ಪ ಎಂದೇ. ೧೯೭೪ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಎಷ್ಟೋ ಗೇಣಿದಾರರ ಹೆಸರು ಮೊದಲ ಸಲ ಪಹಣಿಯಲ್ಲಿ ಒಡೆಯರ ಸ್ಥಾನದಲ್ಲಿ ಕಾಣಿಸಿಕೊಂಡಿತು. ಬಡವನಿಗೆ ಹೆಸರು ಎಂಬುದು ಬರಿಯ ಅಲಂಕಾರವಲ್ಲ, ನೆಲದ ಮೇಲಿನ ಹಕ್ಕು ಅದರ ಮೇಲೆ ನಿಂತಿರುತ್ತದೆ.

ಈಗ ನಮ್ಮ ಸೀಮೆಗೆ ವಿಶೇಷವಾದ ಒಂದು ಸಂಗತಿಗೆ ಬರುತ್ತೇನೆ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹರಿಯುವುದು ಹೊಸನಗರ, ಸಾಗರಗಳ ಮೇಲೆ. ಮೂರು ತಾಲ್ಲೂಕುಗಳನ್ನೂ ಮುಟ್ಟುವ ಈ ಹೊಳೆಗೆ ೧೯೬೪ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಪೂರ್ತಿಯಾಯಿತು. ನೀರಿನ ಪೂರ್ಣ ಮಟ್ಟ ಸಮುದ್ರಮಟ್ಟದಿಂದ ೧೮೧೯ ಅಡಿ. ಆ ಮಟ್ಟಕ್ಕಿಂತ ಕೆಳಗಿದ್ದ ಸಾಗರ, ಹೊಸನಗರ ತಾಲ್ಲೂಕುಗಳ ಗದ್ದೆ, ತೋಟ, ಮನೆ, ಗುಡಿಗಳೆಲ್ಲ ಮುಳುಗಿದವು. ಜೋಗದ ವಿದ್ಯುತ್ ಕೇಂದ್ರಕ್ಕಾಗಿ ಅದಕ್ಕೂ ಮೊದಲು ಮಡೆನೂರಿನ ಬಳಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ತೀರಾ ಇಳಿದ ವರ್ಷ ಅದು ಮೇಲೆ ಕಾಣುತ್ತದೆ. ನಾಡಿಗೆಲ್ಲ ದೀಪ ಬಂದಿತೆಂಬುದು ಸತ್ಯ. ನೆಲ ಬಿಟ್ಟು ಹೋದವರ ಭೂಮಿಯ ಹಕ್ಕಿನ ಪ್ರಶ್ನೆ ಅರುವತ್ತು ವರ್ಷಗಳ ಮೇಲೂ ಪೂರ್ತಿ ಬಗೆಹರಿದಿಲ್ಲವೆಂಬುದೂ ಅಷ್ಟೇ ಸತ್ಯ. ನಾ. ಡಿಸೋಜರ 'ಮುಳುಗಡೆ', 'ದ್ವೀಪ' ಕಾದಂಬರಿಗಳು ಹುಟ್ಟಿದ್ದು ಈ ಸಂಕಟದಿಂದಲೇ.

ಮುಳುಗಿದ ಊರುಗಳ ಜನ ಶಿವಮೊಗ್ಗ, ತೀರ್ಥಹಳ್ಳಿ, ಸೊರಬ ಎಂದು ಚದುರಿದರು. ಊರು ಇಲ್ಲ, ಆದರೆ ಊರಿನ ಅಕ್ಷರ ಅವರ ಹೆಸರಿನಲ್ಲಿ ಉಳಿಯಿತು. ನಮ್ಮ ಮನೆಯದೇ ಮಾತು ಹೇಳಬಹುದಾದರೆ, ನನ್ನ ಹೆಸರಿನ ಮೊದಲಿಗಿರುವ 'ಕೆ.' ಎಂಬುದು ಯಾವ ಊರೂ ಅಲ್ಲ, ಅದು ಕೆಳಗಿನಮನೆ. ಹೊಳೆಯ ಹತ್ತಿರ ಇಳಿಜಾರಿನಲ್ಲಿ ಮೂರು ಮನೆಗಳಿದ್ದು, ಕೆಳಗಿನ ಮನೆ ನಮ್ಮದಾಗಿತ್ತಂತೆ. ನೀರು ಬಂದಾಗ ಮೊದಲು ಮುಳುಗಿದ್ದೂ ಅದೇ. ಆಗ ನಮ್ಮಜ್ಜನಿಗೆ ಹದಿನಾರು ವರ್ಷ. ಈಗ ನಾವಿರುವುದು ಗುಡ್ಡದ ನೆತ್ತಿಯಲ್ಲಿ. ಬೇಸಗೆಯಲ್ಲಿ ಕುಡಿಯುವ ನೀರನ್ನೂ ಕೆಳಗಿನಿಂದ ಹೊತ್ತು ತರಬೇಕು. ಆದರೂ ನೆಂಟರು ಮದುವೆಯ ಕರೆಯೋಲೆ ಬರೆಯುವಾಗ ನಮ್ಮನ್ನು ಕೆಳಗಿನಮನೆಯವರೆಂದೇ ಬರೆಯುತ್ತಾರೆ. "ಮನೆ ನೀರಿಗ್ ಹೋತು, ಹೆಸರು ನಮ್ ಸಂಗ್ತಿಗೇ ಬಂತು" ಎಂದು ಅಜ್ಜ ಹೇಳುವುದುಂಟು. ಲ್ಯಾಂಕಷೈರಿನ ಆ ತಗ್ಗಿನ ಸ್ಥಳದವರ ಹೆಸರಿಗೂ ನಮ್ಮ ಹೆಸರಿಗೂ ಅರ್ಥದಲ್ಲಿ ಎಷ್ಟು ಹೋಲಿಕೆ ಎಂಬುದನ್ನು ವಾಚಕರು ಗಮನಿಸಬಹುದು.

ಇಂಥ ಹೆಸರುಗಳು ಈಗ ಎಷ್ಟು ಉಳಿದಿವೆ? ಹುಡುಕುವವರಿಗೆ ಮತದಾರರ ಪಟ್ಟಿಯೇ ಹತ್ತಿರದ ಸಾಧನ. ಅದು ಸಾರ್ವಜನಿಕವಾದುದು, ಕನ್ನಡದಲ್ಲಿಯೇ ಅಚ್ಚಾಗುತ್ತದೆ. ಆದರೆ ಅದರಲ್ಲಿ ಹೆಸರೂ ತಂದೆಯ ಅಥವಾ ಗಂಡನ ಹೆಸರೂ ಇರುತ್ತವೆಯೇ ಹೊರತು ಇನಿಷಿಯಲ್ಲಿನ ವಿಸ್ತಾರ ಇರುವುದಿಲ್ಲ. ಗೌಡರನ್ನೂ ಹೆಗಡೆಯವರನ್ನೂ ಎಣಿಸಬಹುದು, 'ಕೆ.' ಎಂಬುದನ್ನು ಎಣಿಸಿ ಫಲವೇನು? ಕುಪ್ಪಳಿಯೂ ಕೆ., ಕಡಿದಾಳೂ ಕೆ., ಕುಂಟಗೋಡೂ ಕೆ., ನಮ್ಮ ಕೆಳಗಿನಮನೆಯೂ ಕೆ. ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಮದುವೆಯಾದೊಡನೆ ತವರಿನ ಅಕ್ಷರ ಹೋಗಿ ಗಂಡನ ಅಕ್ಷರ ಬರುತ್ತದೆ. ನಮ್ಮ ಅಮ್ಮನ ತವರಿನ ಮನೆಯ ಹೆಸರು ಅವರ ಯಾವ ಕಾಗದದಲ್ಲಿಯೂ ಇಲ್ಲ. ನಾನು ಕೇಳಿ ತಿಳಿದುಕೊಂಡದ್ದು ಮಾತ್ರ.

ಇದರ ಜೊತೆಗೆ ಈಚೆಗೆ ಇನ್ನೊಂದು ತೊಡಕು ಸೇರಿದೆ. ಕಂಪ್ಯೂಟರಿನ ಅರ್ಜಿಗಳಲ್ಲಿ 'ಅಡ್ಡಹೆಸರು' ಎಂಬ ಒಂದು ಮನೆಯನ್ನು ತುಂಬದೆ ಮುಂದೆ ಹೋಗಲು ಅನೇಕ ಕಡೆ ಬಿಡುವುದಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಂತೂ ಇನಿಷಿಯಲ್ ಬರೆಯುವಂತಿಲ್ಲ, ಬಿಡಿಸಿಯೇ ಬರೆಯಬೇಕು. ಇನಿಷಿಯಲ್ ಪದ್ಧತಿಯ ನಾವು ಆ ಮನೆಯಲ್ಲಿ ಏನನ್ನು ಬರೆಯಬೇಕು? ಒಬ್ಬರು ತಂದೆಯ ಹೆಸರು ಬರೆಯುತ್ತಾರೆ, ಒಬ್ಬರು ಜಾತಿಯ ಹೆಸರು ಬರೆಯುತ್ತಾರೆ, ಇನ್ನೊಬ್ಬರು ಬರಿಯ 'ಕೆ' ಎಂಬ ಅಕ್ಷರವನ್ನೇ ಬರೆದು ಬರುತ್ತಾರೆ. ನಮ್ಮ ಮನೆಯಲ್ಲಿಯೇ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನಿಗೆ ಬ್ಯಾಂಕಿನ ಪುಸ್ತಕದಲ್ಲಿ ಅಪ್ಪನ ಹೆಸರು ಅಡ್ಡಹೆಸರಾಗಿದೆ. ನನ್ನ ಅಂಕಪಟ್ಟಿಯಲ್ಲಿ 'ಕೆ.' ಇದೆ, ಅಮ್ಮನ ಚೀಟಿಯಲ್ಲಿ ಗಂಡನ ಹೆಸರು ಅಂಟಿಕೊಂಡಿದೆ. ಒಂದೇ ಒಲೆಯ ಅನ್ನ ಉಣ್ಣುವವರಿಗೆ ಬೇರೆ ಬೇರೆ ಅಡ್ಡಹೆಸರು! ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಮ್ಮ ಮನೆಯಲ್ಲಿ ನಾನೇ ಮೊದಲಿಗಳಾದುದರಿಂದ ಎಲ್ಲರ ಅರ್ಜಿಗಳನ್ನೂ ತುಂಬುವವಳು ನಾನೇ. ಈ ಪ್ರಶ್ನೆ ನನಗೆ ಪುಸ್ತಕದ್ದಲ್ಲ.

ಹಳೆಯ ಜಮೀನಿನ ವಿಚಾರವಾಗಿ ಕಚೇರಿಗೆ ಹೋದಾಗ "ನೀವು ಅದೇ ಮನೆಯವರೆಂಬುದಕ್ಕೆ ಆಧಾರವೇನು?" ಎಂದು ಕೇಳುತ್ತಾರೆ. ಊರನ್ನು ತೋರಿಸೋಣವೆಂದರೆ ಅದು ನೀರಿನ ಕೆಳಗಿದೆ. ತಾತ, ತಂದೆ, ಮಕ್ಕಳ ಕಾಗದಗಳಲ್ಲಿ ಒಂದೇ ಮನೆತನದ ಹೆಸರು ಪೂರ್ತಿಯಾಗಿ ನಡೆದು ಬಂದಿದ್ದರೆ ಆ ಪ್ರಶ್ನೆಗೆ ಉತ್ತರ ಕಾಗದದಲ್ಲಿಯೇ ಇರುತ್ತಿತ್ತು. ಮೂರು ಕಾಗದದಲ್ಲಿ ಮೂರು ಹೆಸರಾದರೆ ಇದ್ದ ಒಂದು ಕೊಂಡಿಯೂ ಕಳಚುತ್ತದೆ.

ಆದುದರಿಂದ ಸಹಪಾಠಿಗಳಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಹೆಸರಿನ ಅಕ್ಷರಗಳನ್ನು ಮನೆಯ ಹಿರಿಯರ ಮುಂದೆ ಕುಳಿತು ಬಿಡಿಸಿಕೊಳ್ಳಿ. ಅದು ಊರೋ, ಮನೆಯೋ, ವೃತ್ತಿಯೋ ಕೇಳಿ. ಆ ಊರು ಯಾವ ಹೋಬಳಿಯಲ್ಲಿದೆ ಅಥವಾ ಇತ್ತು, ಅಲ್ಲಿಂದ ಯಾವ ವರ್ಷ ಹೊರಟದ್ದು, ಏಕೆ ಹೊರಟದ್ದು ಎಂಬುದನ್ನೂ ಬರೆದಿಡಿ. ಅಮ್ಮನ ಮತ್ತು ಅಜ್ಜಿಯ ತವರಿನ ಹೆಸರನ್ನೂ ಮರೆಯದೆ ಬರೆಯಿರಿ. ಮುಳುಗಡೆಯನ್ನು ಕಣ್ಣಾರೆ ಕಂಡವರಿಗೆ ಈಗ ಎಪ್ಪತ್ತು ಎಂಬತ್ತು ವರ್ಷ. ಕೇಳುವುದನ್ನು ಬಹಳ ಮುಂದಕ್ಕೆ ಹಾಕುವಂತಿಲ್ಲ. ಮತ್ತು ಅರ್ಜಿಯ ಆ ಮನೆಯನ್ನು ತುಂಬುವಾಗ ಮನೆಯವರೆಲ್ಲ ಮೊದಲು ಮಾತನಾಡಿಕೊಂಡು ಒಂದೇ ಹೆಸರನ್ನು ನಿಶ್ಚಯಿಸಿಕೊಳ್ಳಿ. ಇತಿಹಾಸ, ಕನ್ನಡ ವಿಭಾಗಗಳ ಅಧ್ಯಾಪಕ ವೃಂದದವರು ಮನಸ್ಸು ಮಾಡಿದರೆ ನಮ್ಮ ಕಾಲೇಜಿನ ಎಲ್ಲ ವಿದ್ಯಾರ್ಥಿಗಳ ಮನೆತನದ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಸಂಗ್ರಹಿಸಿ ಗ್ರಂಥಾಲಯದಲ್ಲಿಡಬಹುದು. ಆಂಗ್ಲರ ಚರ್ಚಿನ ಪುಸ್ತಕಗಳು ಮಾಡಿದ ಕೆಲಸವನ್ನು ಅದು ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗಾದರೂ ಮಾಡೀತು. ಅದರ ಮೊದಲ ಪುಟಕ್ಕೆ ಬೇಕಾದ ವಿವರಗಳನ್ನು ನಮ್ಮಜ್ಜನಿಂದ ಕೇಳಿ ಬರೆದುಕೊಂಡಿದ್ದೇನೆ; ಉಳಿದ ಪುಟಗಳು ವಾಚಕ ಮಿತ್ರರವು.